ನಮ್ಮ ಕಂಪನಿ ಹತ್ತೊಂಬತ್ತು ಜನಕ್ಕೇ ಯಾಕೆ ನಿಂತಿದೆ?

ಮಾನ್ಯ ಸಂಪಾದಕರೇ,

ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವುದರ ಕುರಿತು ನಿಮ್ಮ ಉದ್ಯೋಗ ಪುಟದಲ್ಲಿ ಬಂದ ಬರಹ ಓದಿದೆ. ಕಲಿಯಲು ಒಳ್ಳೆಯ ಜಾಗ, ಆದರೆ ಭದ್ರತೆ ಕಡಿಮೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮುಗಿಸಿದ್ದಾರೆ. ಎರಡು ಮಾತೂ ಸುಳ್ಳಲ್ಲ. ಆದರೆ ಭದ್ರತೆ ಕಡಿಮೆ ಎಂದರೆ ಎಷ್ಟು ಕಡಿಮೆ, ಅದನ್ನು ಕಡಿಮೆ ಮಾಡಿದವರು ಯಾರು ಎಂಬುದು ಅಲ್ಲಿ ಬರಲಿಲ್ಲ. ಅಂಥದೊಂದು ಕಂಪನಿಯಲ್ಲಿ ಹತ್ತು ವರ್ಷ ದಾಟಿರುವ ನಾನು ಬರೆಯಬಹುದು ಅನ್ನಿಸಿತು. ಇನ್ನೊಂದು ಕಾರಣವೂ ಇದೆ. ಚಿಕ್ಕಪ್ಪನ ಮಗ ಎರಡು ಆಫರ್ ಲೆಟರ್ ಹಿಡಿದುಕೊಂಡು ರಾಣೆಬೆನ್ನೂರಿನಿಂದ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾನೆ: "ಅಕ್ಕಾ, ಯಾವ್ದಕ್ಕ ಸೇರ್ಲಿ?"

ನಾನು 2010ರಲ್ಲಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ದೊಡ್ಡ ಕಂಪನಿಯೊಂದಕ್ಕೆ ಸೇರಿದವಳು. ವರ್ಷಕ್ಕೆ ಮೂರೂಕಾಲು ಲಕ್ಷ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ತರಬೇತಿ ಮುಗಿದ ಮೇಲೆ ಏಳು ತಿಂಗಳು ಬೆಂಚಿನಲ್ಲಿ ಕೂತೆ. ಬೆಂಚ್ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೆಲಸ ಇಲ್ಲ, ಸಂಬಳ ಉಂಟು. ಬೆಳಿಗ್ಗೆ ಕಾರ್ಡ್ ಉಜ್ಜಿ ಒಳಗೆ ಹೋಗುವುದು, ಕ್ಯಾಂಟೀನು ಲೈಬ್ರರಿ ಸುತ್ತುವುದು, ಸಂಜೆ ಕಾರ್ಡ್ ಉಜ್ಜಿ ಹೊರಗೆ ಬರುವುದು. ಕೊನೆಗೂ ಒಂದು ಪ್ರಾಜೆಕ್ಟ್ ಸಿಕ್ಕಿತು. ಅಮೆರಿಕದ ಯಾವುದೋ ವಿಮಾ ಕಂಪನಿಯ ಒಂದು ಪರದೆ, ಅದರ ಮೇಲಿನ ಎರಡು ಕಾಲಂ ನನ್ನ ಪಾಲಿಗೆ ಬಂದವು. ಆ ಎರಡು ಕಾಲಂಗಳನ್ನು ನಾಲ್ಕು ವರ್ಷ ಸಾಕಿದೆ. ಅವನ್ನು ಯಾರು ತುಂಬುತ್ತಾರೆ, ತುಂಬಿದ ಮೇಲೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2015ರಲ್ಲಿ ಈಗಿರುವ ಕಂಪನಿಗೆ ಬಂದೆ. ಜಯನಗರದಲ್ಲಿ ಕೆಳಗೆ ಮೆಡಿಕಲ್ ಶಾಪು, ಅದರ ಮೇಲೆ ನಾವು. ಆಗ ಇದ್ದದ್ದು ಏಳೇ ಜನ. ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಊರಿನ ಲ್ಯಾಬುಗಳಿಗೆ ಬಿಲ್ಲು, ರಿಪೋರ್ಟು ತೆಗೆಯುವ ಸಾಫ್ಟ್‌ವೇರ್ ಮಾಡುತ್ತೇವೆ. ಸಂಬಂಧಿಕರಿಗೆ ಕಂಪನಿಯ ಹೆಸರು ಹೇಳಿದರೆ ಒಂದು ಕ್ಷಣ ಸುಮ್ಮನಾಗಿ, "ಅದು ಎಲ್ಲಿ ಬರುತ್ತೆ?" ಅನ್ನುತ್ತಾರೆ. ಹತ್ತು ವರ್ಷದಿಂದ ಅದೇ ಪ್ರಶ್ನೆ.

ಸೇರಿದ ಎರಡನೇ ತಿಂಗಳು ನಮ್ಮ ಸರ್, ಅಂದರೆ ಕಂಪನಿಯ ಮಾಲೀಕರು, ನನ್ನನ್ನು ಹಾಸನಕ್ಕೆ ಕಳಿಸಿದರು. ಅಲ್ಲಿನ ಲ್ಯಾಬಿನವರು ದಿನಾ ಫೋನ್ ಮಾಡಿ ಬೈಯುತ್ತಿದ್ದರು, ಯಾಕೆಂದು ಇಲ್ಲಿ ಕೂತವರಿಗೆ ಅರ್ಥವಾಗುತ್ತಿರಲಿಲ್ಲ. ಹೋಗಿ ನೋಡಿದರೆ, ಟೆಕ್ನಿಷಿಯನ್ ಕೈಗೆ ಗ್ಲೌಸ್ ಹಾಕಿಕೊಂಡು ಒಂದೇ ಬೆರಳಲ್ಲಿ ಕೀಬೋರ್ಡ್ ಕುಟ್ಟುತ್ತಿದ್ದ. ಪಕ್ಕದಲ್ಲಿ ಇನ್ನೂರು ಪುಟದ ಲಾಂಗ್ ನೋಟ್‌ಬುಕ್. ಪ್ರತಿ ರೋಗಿಯ ಶುಗರ್, ಕ್ರಿಯಾಟಿನಿನ್ ಎಲ್ಲವನ್ನೂ ಮೊದಲು ಅದರಲ್ಲಿ ಬರೆಯುವುದು, ಮಧ್ಯಾಹ್ನ ಪುರಸೊತ್ತಾದಾಗ ನಮ್ಮ ಸಾಫ್ಟ್‌ವೇರಿಗೆ ಹಾಕುವುದು. ಯಾಕಪ್ಪಾ ಎರಡೆರಡು ಕೆಲಸ ಎಂದು ಕೇಳಿದೆ. "ಕರೆಂಟ್ ಹೋದ್ರೆ ನಿಮ್ದು ಎಲ್ಲಾ ನುಂಗ್ಬಿಡುತ್ತೆ ಮೇಡಂ. ಇದು ನುಂಗಲ್ಲ" ಎಂದು ಆ ಪುಸ್ತಕ ತಟ್ಟಿದ. ಎಲ್ಲ ಕಾಲಂ ತುಂಬಿ 'ಸೇವ್' ಒತ್ತುವವರೆಗೆ ಒಂದಕ್ಷರವೂ ಉಳಿಯದ ಹಾಗೆ ನಾವು ಅದನ್ನು ಕಟ್ಟಿದ್ದೆವು. ಜಯನಗರದಲ್ಲಿ ಯುಪಿಎಸ್ ಇತ್ತಲ್ಲ, ನಮಗೇನು ಗೊತ್ತು? ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದೆ. ಹದಿನೈದು ದಿನದಲ್ಲಿ, ಒಂದೊಂದು ಅಂಕಿ ಒತ್ತಿದ ಕೂಡಲೇ ತಾನಾಗಿಯೇ ಉಳಿಯುವ ಹಾಗೆ ಬದಲಾಯಿಸಿದೆವು. ಯಾರನ್ನೂ ಕೇಳಬೇಕಿರಲಿಲ್ಲ, ಸರ್ ಟೀ ಕುಡಿಯುತ್ತಾ "ಮಾಡಿ" ಅಂದರು, ಅಷ್ಟೇ ಅನುಮತಿ. ಮೂರನೇ ಸಲ ಹೋದಾಗ ಆ ನೋಟ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಬರೆದಿತ್ತು. ಆ ದಿನ ಆದ ಖುಷಿ ನಾಲ್ಕು ವರ್ಷ ಸಾಕಿದ ಎರಡು ಕಾಲಂಗಳಿಂದ ಒಮ್ಮೆಯೂ ಆಗಿರಲಿಲ್ಲ. ನಾನು ಇಲ್ಲಿ ಉಳಿದದ್ದು ಅದಕ್ಕೇ. ಚಿಕ್ಕಪ್ಪನ ಮಗನಿಗೂ ಇದನ್ನೇ ಮೊದಲು ಹೇಳಿದೆ.

ಆದರೆ ಅದೇ ನಾಣ್ಯದ ಇನ್ನೊಂದು ಮುಖ 2021ರ ಡಿಸೆಂಬರಿನಲ್ಲಿ ಕಂಡಿತು. ಹತ್ತನೇ ತಾರೀಖು, ಶುಕ್ರವಾರ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರೆಲ್ಲ ಕಣ್ಣುಮುಚ್ಚಿ ಸೇರಿಸಿಕೊಳ್ಳುವ ಲಾಗ್‌ಫೋರ್‌ಜೆ ಎಂಬ ತುಣುಕಿನಲ್ಲಿ ದೊಡ್ಡ ತೂತು ಸಿಕ್ಕಿದೆ ಎಂದು ಜಗತ್ತಿಡೀ ಗುಲ್ಲೆದ್ದಿತು. ಹೊರಗಿನವನು ಒಂದೇ ಒಂದು ಸಾಲು ಕಳಿಸಿ ಸರ್ವರನ್ನು ವಶ ಮಾಡಿಕೊಳ್ಳಬಹುದಿತ್ತು. ನಮ್ಮ ಸಾಫ್ಟ್‌ವೇರ್ ಜಾವಾದ್ದೇ. ಭಾನುವಾರ ಸೋದರತ್ತೆಯ ಮಗಳ ನಿಶ್ಚಿತಾರ್ಥ, ನಾನು ರಾಣೆಬೆನ್ನೂರಿನಲ್ಲಿ. ದೊಡ್ಡ ಕಂಪನಿಗಳಲ್ಲಿ ಇಂಥದ್ದಕ್ಕೆಂದೇ ತಂಡಗಳಿರುತ್ತವೆ, ಪಾಳಿ ಇರುತ್ತದೆ. ನಮ್ಮಲ್ಲಿ ಊರಿಗೊಬ್ಬಳೇ ಪದ್ಮಾವತಿ. ಕೆಳಗೆ ಶಾಸ್ತ್ರ ನಡೆಯುತ್ತಿದ್ದರೆ ನಾನು ಮಾಳಿಗೆಯ ಮೇಲೆ, ಮೆಕ್ಕೆಜೋಳದ ಚೀಲಗಳ ನಡುವೆ ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ನಲವತ್ತು ಲ್ಯಾಬುಗಳ ಸರ್ವರುಗಳನ್ನು ಒಂದೊಂದಾಗಿ ಸರಿಮಾಡುತ್ತಾ ಕೂತಿದ್ದೆ. ಅವ್ವ ಊಟದ ತಟ್ಟೆ ಮೇಲಕ್ಕೇ ತಂದಿಟ್ಟು, "ನಿನ್ನ ಬಿಟ್ಟರ ಆ ಆಫೀಸಿನ್ಯಾಗ ಮತ್ಯಾರೂ ಇಲ್ಲೇನು?" ಎಂದು ಕೇಳಿದಳು. ಇರಲಿಲ್ಲ. ತೂತು ಮುಚ್ಚಲು ಹೊಸ ಆವೃತ್ತಿ 2.15 ಹಾಕಿದೆ, ಅದೂ ಸಾಲದು, 2.16 ಹಾಕಿ ಅಂದರು, ಆಮೇಲೆ 2.17, ತಿಂಗಳ ಕೊನೆಗೆ 2.17.1. ನಲವತ್ತು ಲ್ಯಾಬು, ನಾಲ್ಕು ಸಲ. ನಿಶ್ಚಿತಾರ್ಥದ ಯಾವ ಫೋಟೋದಲ್ಲೂ ನಾನಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ಟಿವಿಯಲ್ಲಿ, ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ನಮ್ಮ ಆಫೀಸಿನಲ್ಲಿ ಯಾರೂ ಬಾಯಿ ತೆಗೆಯಲಿಲ್ಲ. ನಮ್ಮಲ್ಲಿ ಗಂಟೆ ಎಣಿಸಿದವರೇ ಇರಲಿಲ್ಲ. ಅವರ ಇನ್ನೊಂದು ಕಥೆ ಮಾತ್ರ ಇಲ್ಲಿ ಎಲ್ಲರಿಗೂ ಬಾಯಿಪಾಠ: 1981ರಲ್ಲಿ ಏಳು ಜನ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿ ಇಟ್ಟುಕೊಂಡು ಇನ್ಫೊಸಿಸ್ ಶುರು ಮಾಡಿದ ಕಥೆ. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋದವರಿಗೆಲ್ಲ ನಮ್ಮ ಸರ್ ಅದನ್ನು ಹೇಳುತ್ತಾರೆ.

ಸಂಬಳದ ಮಾತು ಬಂತು. ದೊಡ್ಡ ಕಂಪನಿಯಲ್ಲಿ ತಿಂಗಳ ಕೊನೆಯ ದಿನ ಏಳುವ ಮೊದಲೇ ಮೊಬೈಲ್ ಟಿಂಗ್ ಅನ್ನುತ್ತಿತ್ತು. ಇಲ್ಲಿ ಏಳನೇ ತಾರೀಖು, ಕೆಲವೊಮ್ಮೆ ಹನ್ನೆರಡು. ಒಂದು ಸಲ ಇಪ್ಪತ್ತೂ ಆಯಿತು. ತಡವಾಗುವಾಗ ಸರ್ ಒಬ್ಬೊಬ್ಬರ ಟೇಬಲ್ ಹತ್ತಿರ ಬಂದು, ಏನೋ ಬೇರೆ ವಿಷಯ ಮಾತಾಡಿ, ಹೋಗುವಾಗ ಮೆಲ್ಲಗೆ ಹೇಳುತ್ತಾರೆ. ಅವರು ಟೇಬಲ್ ಹತ್ತಿರ ಬಂದು ಮಕ್ಕಳು ಹೇಗಿದ್ದಾರೆ ಎಂದು ಕೇಳಿದರೆ ನಮಗೆ ಅರ್ಥವಾಗಿಬಿಡುತ್ತದೆ. ಅವರ ತಪ್ಪೂ ಪೂರ್ತಿ ಅಲ್ಲ. ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು 45 ದಿನದೊಳಗೆ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಕೊಡದೆ ಉಳಿಸಿಕೊಂಡ ಹಣವನ್ನು ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯವರೂ ಬಿಗಿ ಮಾಡಿದ್ದಾರೆ. ಆದರೂ ನಮ್ಮ ಅತಿ ದೊಡ್ಡ ಗಿರಾಕಿ ಐದೈದು ತಿಂಗಳು ಬಿಲ್ಲು ಇಟ್ಟುಕೊಳ್ಳುತ್ತಾರೆ. ದೂರು ಕೊಡಬಹುದಲ್ಲ ಸರ್ ಅಂದೆ. "ಕೊಟ್ರೆ ದುಡ್ಡು ಬರುತ್ತೆ, ಗಿರಾಕಿ ಹೋಗ್ತಾನೆ" ಅಂದರು. ನನ್ನ ಮನೆ ಬಾಡಿಗೆ ತಡವಾಗುವುದಕ್ಕೆ ಯಾವುದೋ ಆಸ್ಪತ್ರೆಯ ಅಕೌಂಟ್ಸ್ ವಿಭಾಗದವರ ಒಂದು ಸಹಿ ಕಾರಣ ಎಂಬುದು ಸಣ್ಣ ಕಂಪನಿಗೆ ಬಂದ ಮೇಲೆಯೇ ಗೊತ್ತಾದದ್ದು. ನ್ಯಾಯಕ್ಕೆ ಇದನ್ನೂ ಹೇಳಬೇಕು: 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆಗಿ ಲ್ಯಾಬುಗಳಿಗೆ ರೋಗಿಗಳೇ ಬಾರದಾದಾಗ ಸರ್ ಒಬ್ಬರನ್ನೂ ತೆಗೆಯಲಿಲ್ಲ. ಎಲ್ಲರಿಗೂ ಮುಕ್ಕಾಲು ಸಂಬಳ, ತಮಗೆ ಸೊನ್ನೆ. ಉಳಿದ ಕಾಲು ಭಾಗವನ್ನು ದೀಪಾವಳಿಗೆ ಲೆಕ್ಕ ಹಾಕಿ ಕೊಟ್ಟರು.

ಇಂಥ ಮನುಷ್ಯನೇ ಕಂಪನಿಯನ್ನು ಹತ್ತೊಂಬತ್ತು ಜನಕ್ಕೆ ನಿಲ್ಲಿಸಿರುವುದು ನನಗೆ ಇವತ್ತಿಗೂ ಬಿಡಿಸದ ಗಂಟು.

ಅದು ಗೊತ್ತಾದದ್ದು ಹೀಗೆ. 2022ರಲ್ಲಿ ಟೆಸ್ಟಿಂಗ್‌ಗೆಂದು ಒಬ್ಬ ಹುಡುಗಿ ಸೇರಿದಳು. ಇಪ್ಪತ್ತೆರಡು ವಯಸ್ಸು, ಮೊದಲ ಕೆಲಸ. ಮೊದಲ ತಿಂಗಳು ಮುಗಿದಾಗ ನನ್ನ ಹತ್ತಿರ ಬಂದು, "ಮೇಡಂ, ಇನ್ವಾಯ್ಸ್ ಅಂದ್ರೆ ಹೇಗೆ ಬರೀಬೇಕು?" ಅಂದಳು. ಯಾವ ಗಿರಾಕಿಗಮ್ಮಾ ಎಂದೆ. ಗಿರಾಕಿಗಲ್ಲ, ಅವಳ ಸಂಬಳಕ್ಕೆ! ಅವಳನ್ನು 'ಕನ್ಸಲ್ಟೆಂಟ್' ಎಂದು ತೆಗೆದುಕೊಂಡಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಸಂಜೆ ಏಳಕ್ಕೆ ಹೋಗುವ, ರಜಾ ಬೇಕೆಂದರೆ ನನ್ನನ್ನು ಕೇಳುವ ಹುಡುಗಿ ತಿಂಗಳ ಕೊನೆಗೆ ತಾನೊಂದು ಸಂಸ್ಥೆ ಎಂಬಂತೆ ಬಿಲ್ಲು ಬರೆದು ಕೊಡಬೇಕು. ಅದರಲ್ಲಿ ಶೇ 10 ತೆರಿಗೆ (ಟಿಡಿಎಸ್) ಮುರಿದು ಉಳಿದದ್ದನ್ನು ಹಾಕುತ್ತಾರೆ. ಅಕೌಂಟ್ಸ್ ನೋಡುವವರನ್ನು ಕೇಳಿದೆ. ಅವರು ಏನೂ ಮುಚ್ಚಿಡದೆ, "ಇಪ್ಪತ್ತಾದ್ರೆ ಪಿಎಫ್ ಬರುತ್ತಲ್ಲ ಮೇಡಂ" ಅಂದರು. ಎದ್ದು ನಿಂತು ಕುರ್ಚಿ ಎಣಿಸಿದೆ. ಇಪ್ಪತ್ತನಾಲ್ಕು ಕುರ್ಚಿ ತುಂಬಿದ್ದವು. ಸಂಬಳದ ಪಟ್ಟಿಯಲ್ಲಿದ್ದದ್ದು ಹತ್ತೊಂಬತ್ತು ಹೆಸರು.

1952ರ ಭವಿಷ್ಯನಿಧಿ (ಪಿಎಫ್) ಕಾಯ್ದೆ ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳಿಗೆ. 2025ರ ನವೆಂಬರ್ 21ರಂದು ಜಾರಿಗೆ ಬಂತೆಂದು ಸುದ್ದಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಇಪ್ಪತ್ತು ಹಾಗೇ ಕೂತಿದೆ. ಮಾಲೀಕರು ಕಟ್ಟಬೇಕಾದದ್ದು ಶೇ 12, ಅದೂ 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿದರೆ ತಲೆಗೆ ತಿಂಗಳಿಗೆ 1,800 ರೂಪಾಯಿ. ಇಪ್ಪತ್ತು ಜನಕ್ಕೆ 36,000. ನಮ್ಮ ಮಹಡಿಯ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಗುತ್ತಿಗೆಯ ಮೇಲೆ ಬಂದವರನ್ನೂ ಆ ಇಪ್ಪತ್ತರ ಲೆಕ್ಕಕ್ಕೆ ಹಿಡಿಯಬೇಕು, ಇಪ್ಪತ್ತಕ್ಕಿಂತ ಕಡಿಮೆ ಇದ್ದರೂ ಸ್ವಇಚ್ಛೆಯಿಂದ ಸೇರಬಹುದು ಎಂದು ಆಮೇಲೆ ಓದಿ ತಿಳಿದುಕೊಂಡೆ. ಸರ್‌ಗೆ ಹೇಳಿದೆ. "ನೋಡೋಣ" ಅಂದರು. ಇನ್ನೂ ನೋಡುತ್ತಿದ್ದಾರೆ. ನಮ್ಮವರೂ ಕಡಿಮೆಯಿಲ್ಲ. ಈ ಮಾತೆತ್ತಿದಾಗ ಅರ್ಧ ಹುಡುಗರು, "ಪಿಎಫ್ ಬೇಡ ಮೇಡಂ, ಕೈಗೇ ಬರ್ಲಿ" ಎಂದರು. ಅವರಿಗೆ ಇಪ್ಪತ್ತೈದರ ವಯಸ್ಸು, ಬೈಕಿನ ಕಂತು.

ಆ ಹುಡುಗರಲ್ಲೇ ಒಬ್ಬನಿಗೆ ಹೋದ ವರ್ಷ ಬಿಸಿ ಮುಟ್ಟಿತು. ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ಇಲ್ಲಿ ಬೀಳ್ಕೊಡುಗೆಯ ಕೇಕೂ ಕತ್ತರಿಸಿದೆವು. ಅಲ್ಲಿನವರು ಹಿಂದಿನ ಅನುಭವ ಪರಿಶೀಲಿಸಲು ಪಿಎಫ್ ದಾಖಲೆ ಕೇಳಿದರು. ಇಲ್ಲ ಅಂದ. ಮೂರು ವರ್ಷ ಕೆಲಸ ಮಾಡಿದ್ದಕ್ಕೆ ಏನು ಸಾಕ್ಷಿ ಎಂದರು. ಪೇಸ್ಲಿಪ್, ಫಾರ್ಮ್ 16, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಕಡೆಗೆ ಸರ್ ಕೈಯಲ್ಲಿ ಬರೆಸಿದ ಪತ್ರ ಎಲ್ಲ ಕಳಿಸುವಷ್ಟರಲ್ಲಿ ಏಳು ವಾರ ಹೋಯಿತು. ಈ ಕಡೆ ಸಂಬಳ ಇಲ್ಲ, ಆ ಕಡೆ ಸೇರುವ ದಿನ ಇಲ್ಲ. ಹಾಸನದ ಟೆಕ್ನಿಷಿಯನ್ ದಿನಾ ಬಳಸುವ ಪರದೆಯಲ್ಲಿ ಅರ್ಧ ಅವನೇ ಬರೆದದ್ದು. ಆದರೆ ಅವನು ಇಲ್ಲಿ ಕೆಲಸ ಮಾಡಿದ್ದನೋ ಇಲ್ಲವೋ ಎಂಬುದೇ ಅವರಿಗೆ ಅನುಮಾನ.

ಬ್ಯಾಂಕಿನಲ್ಲೂ ಇದೇ. ನಾನೂ ನನ್ನ ಗಂಡನೂ ಮನೆ ಸಾಲಕ್ಕೆ ಹೋದಾಗ ಅಧಿಕಾರಿ ಕಂಪ್ಯೂಟರಿನಲ್ಲಿ ನಮ್ಮ ಕಂಪನಿಯ ಹೆಸರು ಹುಡುಕಿ, "ಲಿಸ್ಟ್‌ನಲ್ಲಿ ಬರ್ತಿಲ್ಲ ಮೇಡಂ" ಎಂದರು. ಬ್ಯಾಂಕುಗಳ ಬಳಿ ಕಂಪನಿಗಳ ದರ್ಜೆ ಪಟ್ಟಿ ಇರುತ್ತದೆ. ಅದರಲ್ಲಿ ಇಲ್ಲದವರಿಗೆ ಬಡ್ಡಿ ಹೆಚ್ಚು, ಕಾಗದ ಹೆಚ್ಚು, ಅನುಮಾನ ಹೆಚ್ಚು. ನನ್ನ ಗಂಡ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ನನಗಿಂತ ಸಂಬಳ ಕಡಿಮೆ. ಸಾಲ ಅವರ ಹೆಸರಲ್ಲಿ ಹತ್ತು ದಿನದಲ್ಲಿ ಮಂಜೂರಾಯಿತು. ಅವತ್ತಿನಿಂದ ಮನೆಯಲ್ಲಿ ಅವರ ಗತ್ತು ಸ್ವಲ್ಪ ಬೇರೆ.

ಹೆಣ್ಣುಮಕ್ಕಳು ಕೇಳಲೇಬೇಕಾದ ಒಂದು ವಿಷಯ ಇದೆ. 2019ರಲ್ಲಿ ನಾನು ಬಸುರಿಯಾದಾಗ ಇಲ್ಲಿ ಹದಿಮೂರು ಜನ ಇದ್ದೆವು. ಹತ್ತು ಅಥವಾ ಹೆಚ್ಚು ಜನ ಇದ್ದರೆ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತದೆ. 2017ರ ತಿದ್ದುಪಡಿಯ ನಂತರ 26 ವಾರ, ಪೂರ್ತಿ ಸಂಬಳದೊಂದಿಗೆ. ಸರ್ ಕೊಟ್ಟರು, ಒಂದು ದಿನವೂ ಮುರಿಯಲಿಲ್ಲ. ನನ್ನ ಕೆಲಸವನ್ನು ಇಬ್ಬರು ಹಂಚಿಕೊಂಡರು. ಮಗುವಿಗೆ ನಾಲ್ಕು ವಾರ ಆಗಿದ್ದಾಗಲೇ ನಾನು ಬಾಣಂತಿ ಕೋಣೆಯಿಂದ ಫೋನಿನಲ್ಲಿ ಬಗ್ ಬಿಡಿಸುತ್ತಿದ್ದೆ ಎಂಬುದೂ ನಿಜ. ಮರಳಿ ಬಂದಾಗ ನನ್ನ ಕುರ್ಚಿ, ನನ್ನ ಲ್ಯಾಬುಗಳು ಹಾಗೇ ಇದ್ದವು. ದೊಡ್ಡ ಕಂಪನಿಯಲ್ಲಿದ್ದ ಗೆಳತಿ ಅದೇ ಸಮಯಕ್ಕೆ ರಜೆ ಮುಗಿಸಿ ಹೋದರೆ ಅವಳ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಟ್ಟು ಅವಳನ್ನು ಬೆಂಚಿಗೆ ಕಳಿಸಿದ್ದರು. ಇಲ್ಲಿಗೆ ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಆರು ತಿಂಗಳ ನಂತರ ಇಂಟರ್‌ವ್ಯೂ ಒಂದರಲ್ಲಿ ಸರ್ ಪಕ್ಕ ಕೂತಿದ್ದೆ. ಚೆನ್ನಾಗಿ ಉತ್ತರಿಸಿದ ಹುಡುಗಿಗೆ ಕೊನೆಯಲ್ಲಿ, "ಮದುವೆ ಏನಾದ್ರೂ ಪ್ಲಾನ್ ಇದೆಯಾ?" ಎಂದು ಕೇಳಿದರು. ಮುಂದೆ ಬಂದ ಹುಡುಗನಿಗೆ ಅದನ್ನು ಕೇಳಲಿಲ್ಲ. ಹೊರಗೆ ಬಂದ ಮೇಲೆ ಜಗಳ ಆಡಿದೆ. "ನಿಮಗೆ ಕೊಟ್ಟೆನಲ್ಲಮ್ಮ" ಅಂದರು. ಕೊಟ್ಟಿದ್ದರು, ಅಲ್ಲಿಯೇ ನನ್ನ ಬಾಯಿ ಕಟ್ಟಿತು. ತಿಂಗಳಿಗೆ 21,000ಕ್ಕಿಂತ ಹೆಚ್ಚು ಸಂಬಳದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲ, ಸರ್ಕಾರ ಒಂದು ಪೈಸೆ ಹಾಕುವುದಿಲ್ಲ. ಆರು ತಿಂಗಳ ಪೂರ್ತಿ ಸಂಬಳ ಹದಿಮೂರು ಜನರ ಕಂಪನಿಯ ಜೇಬಿನಿಂದಲೇ ಹೋಗಬೇಕು. ನನ್ನ ರಜೆಯ ಬೆಲೆಯನ್ನು ಆ ಹುಡುಗಿ ತೆತ್ತಳು. ಅವಳನ್ನು ತೆಗೆದುಕೊಳ್ಳಲಿಲ್ಲ. ಕಾನೂನು ಮಾಡುವವರು ಈ ಖರ್ಚಿನಲ್ಲಿ ಒಂದು ಪಾಲನ್ನಾದರೂ ಸರ್ಕಾರದಿಂದ ಕೊಡುವವರೆಗೆ ಸಣ್ಣ ಆಫೀಸುಗಳ ಇಂಟರ್‌ವ್ಯೂ ಕೋಣೆಯಲ್ಲಿ ಈ ಪ್ರಶ್ನೆ ನಿಲ್ಲುವುದಿಲ್ಲ.

ಶೇರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂದೆ ಕಂಪನಿಯ ಶೇರು ಪಡೆಯಬಹುದು ಎಂದು ನನಗೂ ಒಂದು ಕಾಗದ ಕೊಟ್ಟಿದ್ದಾರೆ, ಬೀರುವಿನಲ್ಲಿ ಮದುವೆ ಸೀರೆಗಳ ಕೆಳಗಿದೆ. ಅದನ್ನು ಶೇರಾಗಿ ಪಡೆದರೆ ಆ ವರ್ಷವೇ ಸಂಬಳದ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು, ಆದರೆ ಕೊಳ್ಳುವವರು ಯಾರೂ ಇಲ್ಲದ ಶೇರನ್ನು ಮಾರುವುದೆಲ್ಲಿ ಎಂದು ಪರಿಚಯದ ಸಿ.ಎ. ಕೇಳಿದರು. ಸೀರೆಯ ಕೆಳಗೇ ಇರಲಿ ಎಂದು ಬಿಟ್ಟಿದ್ದೇನೆ.

ಚಿಕ್ಕಪ್ಪನ ಮಗನ ಕೈಯಲ್ಲಿರುವ ಒಂದು ಆಫರ್ ದೊಡ್ಡ ಕಂಪನಿಯದು. ಸೇರುವ ದಿನಾಂಕದ ಜಾಗದಲ್ಲಿ 'ನಂತರ ತಿಳಿಸಲಾಗುವುದು' ಎಂದಿದೆ. ಅದು ಬಂದು ಎಂಟು ತಿಂಗಳಾಯಿತು. ಇನ್ನೊಂದು ಹುಬ್ಬಳ್ಳಿಯ ಸಣ್ಣ ಕಂಪನಿಯದು, ಹತ್ತಿ ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡುತ್ತಾರಂತೆ, ಬರುವ ತಿಂಗಳೇ ಬಾ ಅಂದಿದ್ದಾರೆ. ಕೆಲಸದ ವಿವರ ಹೇಳುವಾಗ ಅವನ ದನಿಯಲ್ಲಿ ಹುರುಪಿತ್ತು. ಮಿಲ್ಲಿಗೇ ಹೋಗಿ ತೂಕದ ಯಂತ್ರದ ಪಕ್ಕ ಕೂತು ಕೆಲಸ ಕಲಿಯಬೇಕಂತೆ. ಹಾಸನದ ನೋಟ್‌ಬುಕ್ ನೆನಪಾಗಿ, ಸೇರಿಕೋ ಎಂದು ಹೇಳುವುದರಲ್ಲಿದ್ದೆ. ತಡೆದುಕೊಂಡು, ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳು ಅಂದೆ.

ನಿನ್ನೆ ರಾತ್ರಿ ಫೋನ್ ಮಾಡಿದ. "ಕೇಳಿದೆ ಅಕ್ಕಾ. ಹದಿನೆಂಟು ಮಂದಿ ಅದಾರಂತ. ನಾ ಹೋದರ ಹತ್ತೊಂಬತ್ತು."

ಇನ್ವಾಯ್ಸ್ ಬರೆಯುವವರು ಎಷ್ಟು ಮಂದಿ ಎಂದು ಕೇಳಿದೆಯಾ ಎಂದೆ. ಹಂಗಂದ್ರ ಏನು ಅಂದ. ವಿವರಿಸಿದೆ. ಸೋಮವಾರ ಕೇಳುತ್ತಾನಂತೆ.

ಇಂತಿ ನಿಮ್ಮ ಓದುಗಿ,
ಬನಶಂಕರಿ ಎರಡನೇ ಹಂತ, ಬೆಂಗಳೂರು
(ದಯವಿಟ್ಟು ಹೆಸರು ಪ್ರಕಟಿಸಬೇಡಿ. ನಮ್ಮ ಸರ್ ದಿನಾ ನಿಮ್ಮ ಪತ್ರಿಕೆ ಓದುತ್ತಾರೆ.)